ಹಲ್ಲುನೋವಿಗೆ ಗಡಿ ದಾಟಿದವನು

ಕೇಳುಗರಿಗೆ ನಮಸ್ಕಾರ.

ಬರ್ಮಾದಲ್ಲಿ, ಅಂದರೆ ಇಂದಿನ ಮ್ಯಾನ್ಮಾರ್‌ನಲ್ಲಿ, ಬಾಯಿಂದ ಬಾಯಿಗೆ ಹರಿದಾಡಿದ ನಗೆಮಾತೊಂದಿದೆ. ಹಲ್ಲುನೋವು ತಾಳಲಾರದೆ ಅಲ್ಲಿಯವನೊಬ್ಬ ಗಡಿ ದಾಟಿ ಭಾರತದ ದಂತವೈದ್ಯರ ಬಳಿಗೆ ಬರುತ್ತಾನೆ. ‘ಇಷ್ಟು ದೂರ ಬಂದೆಯಲ್ಲ, ನಿಮ್ಮಲ್ಲಿ ಹಲ್ಲಿನ ಡಾಕ್ಟರಿಲ್ಲವೇ?’ ಎಂದು ವೈದ್ಯರು ಕೇಳಿದರೆ, ‘ಇದ್ದಾರೆ ಸ್ವಾಮಿ, ಆದರೆ ಅಲ್ಲಿ ಬಾಯಿ ತೆರೆಯುವ ಹಾಗಿಲ್ಲ’ ಎನ್ನುತ್ತಾನೆ. ಇದನ್ನು ಹೇಳಿ ಹೆಸರಾದವರು, ತಿಲಕರ ಸೆರೆವಾಸದಿಂದಾಗಿ ನಮಗೂ ಪರಿಚಿತವಾದ ಮಂಡಾಲೆ ನಗರದ ಹಾಸ್ಯಗಾರ ಪಾರ್ ಪಾರ್ ಲೇ.

ಅವರದು ‘ಅನ್ಯೇಯ್ನ್’ ಎಂಬ ರಂಗಕಲೆ. ಪಗೋಡಗಳ ಜಾತ್ರೆಯಲ್ಲಿ ನರ್ತಕಿ ಹಾಡಿ ಕುಣಿಯುತ್ತಾಳೆ. ಅವಳು ದಣಿವಾರಿಸಿಕೊಳ್ಳುವ ನಡುವೆ ಹಾಸ್ಯಗಾರರು ರಂಗವನ್ನು ತಮ್ಮದಾಗಿಸಿಕೊಳ್ಳುತ್ತಾರೆ. ಹಿಮ್ಮೇಳದಲ್ಲಿ, ವಾದಕನ ಸುತ್ತ ವೃತ್ತಾಕಾರವಾಗಿ ತೂಗುಹಾಕಿದ 21 ಮದ್ದಳೆಗಳ ‘ಪಟ್ ವೈಂಗ್’ ಇರುತ್ತದೆ. ನಮ್ಮ ಮೃದಂಗದ ಎಡಭಾಗಕ್ಕೆ ರವೆ ಮೆತ್ತುವಂತೆ ಅಲ್ಲಿ ಅನ್ನಕ್ಕೆ ಬೂದಿ ಕಲಸಿ ಮೆತ್ತಿ ಶ್ರುತಿ ಕೂಡಿಸುತ್ತಾರೆ. ಆದರೆ ಜನ ಕಾದು ಕುಳಿತಿರುವುದು ಹಾಸ್ಯಗಾರನಿಗಾಗಿ. ತಾವು ಮನೆಯೊಳಗೆ ಪಿಸುಗುಟ್ಟುವುದನ್ನು ಅವನು ದೀಪದ ಬೆಳಕಿನಲ್ಲಿ ನಿಂತು ಹೇಳಬೇಕು.

1996ರ ಜನವರಿ 4ರಂದು, ಬರ್ಮಾದ ಸ್ವಾತಂತ್ರ್ಯ ದಿನ, ರಂಗೂನಿನಲ್ಲಿ, ಸೇನಾಡಳಿತವನ್ನು ವಿರೋಧಿಸುತ್ತಿದ್ದ ನಾಯಕಿ ಆಂಗ್ ಸಾನ್ ಸೂ ಕೀ ಅವರ ಮನೆಯಂಗಳದಲ್ಲಿ ಪಾರ್ ಪಾರ್ ಲೇ ಮತ್ತು ಅವರ ಬಂಧು ಲೂ ಝಾ ಸೇನಾಧಿಕಾರಿಗಳನ್ನು ಗೇಲಿ ಮಾಡಿದರು. ಶಿಕ್ಷೆ ಏಳು ವರ್ಷ. 2001ರಲ್ಲಿ ಬಿಡುಗಡೆಯಾದ ಮೇಲೆ, ‘ಮೀಸೆ ಸಹೋದರರು’ ಎಂದು ಪ್ರಸಿದ್ಧವಾದ ಈ ತಂಡಕ್ಕೆ ಸಾರ್ವಜನಿಕ ಪ್ರದರ್ಶನ ನಿಷಿದ್ಧವಾಯಿತು. ಮನೆಯ ಮುಂಭಾಗದ ಪುಟ್ಟ ಜಾಗದಲ್ಲಿ ವಿದೇಶಿ ಪ್ರವಾಸಿಗರಿಗೆ ಇಂಗ್ಲಿಷಿನಲ್ಲಿ ಆಡಿ ತೋರಿಸುವುದಷ್ಟೇ ಉಳಿಯಿತು. ಪಾರ್ ಪಾರ್ ಲೇ ಅವರ ಸಹೋದರ ಲೂ ಮಾ ತಮಗೆ ಬಂದ ಇಂಗ್ಲಿಷಿನಲ್ಲೇ ರಾತ್ರಿ ರಾತ್ರಿ ನಗಿಸಿದರು. ಸೆರೆಮನೆಗಿಂತಲೂ ಇದೇ ಕ್ರೂರವಾದ ಶಿಕ್ಷೆಯೆಂದು ನನಗೆ ತೋರುತ್ತದೆ. ಏಕೆಂದರೆ ಇಲ್ಲಿ ಹಾಸ್ಯಗಾರನ ಬಾಯಿ ಕಟ್ಟಲಿಲ್ಲ, ಅವನ ಮಾತು ಯಾರಿಗೆ ತಾಗಬೇಕಿತ್ತೋ ಅವರನ್ನೇ ಅವನ ಎದುರಿನಿಂದ ಎಬ್ಬಿಸಿ ಕಳಿಸಲಾಯಿತು. ಪಾರ್ ಪಾರ್ ಲೇ 2013ರಲ್ಲಿ ತೀರಿಕೊಂಡರು.

ಇನ್ನೊಬ್ಬ ಹಾಸ್ಯಗಾರ ಜರ್ಗನಾರ್. ಕಲಿತದ್ದು ದಂತವೈದ್ಯಕೀಯ, ಇಟ್ಟುಕೊಂಡ ಹೆಸರಿನ ಅರ್ಥ ಚಿಮಟ. ಹಲ್ಲುನೋವಿನ ನಗೆಮಾತಿಗೆ ಇವರೇ ಹುಟ್ಟಿಬಂದಂತಿದೆ! 2008ರ ಮೇ ತಿಂಗಳಲ್ಲಿ ನರ್ಗಿಸ್ ಚಂಡಮಾರುತ ಐರಾವತಿ ಮುಖಜಭೂಮಿಯನ್ನು ನೆಲಸಮ ಮಾಡಿದಾಗ ಇವರು ಸಂತ್ರಸ್ತರಿಗೆ ನೆರವು ಒಯ್ದರು, ಸರ್ಕಾರದ ನಿರ್ಲಕ್ಷ್ಯವನ್ನು ವಿದೇಶಿ ಮಾಧ್ಯಮಗಳಿಗೆ ಹೇಳಿದರು. ವಿಧಿಸಿದ್ದು 59 ವರ್ಷ, ಆಮೇಲೆ 35ಕ್ಕೆ ಇಳಿಸಿದ್ದು, 2011ರಲ್ಲಿ ಕ್ಷಮಾದಾನ. ಮರುವರ್ಷ ಪತ್ರಿಕೆಗಳ ಪ್ರಕಟಣಪೂರ್ವ ಸೆನ್ಸಾರ್ ಕೂಡ ರದ್ದಾಯಿತು. 2021ರ ಸೇನಾ ದಂಗೆಯ ಬಳಿಕ ಅವರನ್ನು ಮತ್ತೆ ಕೆಲ ತಿಂಗಳು ಸೆರೆಯಲ್ಲಿಟ್ಟರು.

ಇಷ್ಟನ್ನೂ ಸೈನ್ಯದ ಆಳ್ವಿಕೆಯ ಲೆಕ್ಕಕ್ಕೆ ಹಾಕಿ ಸುಮ್ಮನಾಗುವಂತಿಲ್ಲ. ಹೊಸ ವರ್ಷದ ನೀರಾಟದ ಹಬ್ಬ ತಿಂಜಾನ್‌ನಲ್ಲಿ ‘ತಾಂಜಾಟ್’ ಎಂಬ ಅಣಕುಪದಗಳ ಸಂಪ್ರದಾಯವಿದೆ. 1989ರಿಂದ 2013ರವರೆಗೆ ಇದು ನಿಷೇಧದಲ್ಲಿತ್ತು. 2019ರಲ್ಲಿ, ಸೂ ಕೀ ಅವರ ಪಕ್ಷವೇ ಚುನಾಯಿತವಾಗಿ ಅಧಿಕಾರದಲ್ಲಿದ್ದಾಗ, ಸೇನೆಯನ್ನು ಅಣಕಿಸಿದ ‘ನವಿಲು ಪೀಳಿಗೆ’ ಎಂಬ ಯುವತಂಡದ ಮೇಲೆ ಸೇನೆ ಮೊಕದ್ದಮೆ ಹೂಡಿತು. ಪ್ರದರ್ಶನವನ್ನು ಫೇಸ್‌ಬುಕ್‌ನಲ್ಲಿ ನೇರಪ್ರಸಾರ ಮಾಡಿದ್ದೂ ಆರೋಪಗಳಲ್ಲಿ ಸೇರಿತ್ತು. ತಾಂಜಾಟ್‌ನಲ್ಲಿ ಒಬ್ಬ ಸಾಲು ಕೂಗಿದರೆ ಉಳಿದವರು ಒಕ್ಕೊರಲಿನಿಂದ ಓಗೊಡುತ್ತಾರೆ. ಹೀಗಾಗಿ ಆ ವರ್ಷ ಸೆರೆಮನೆಗೆ ಹೋದವರಲ್ಲಿ ಕೂಗಿದವರೂ ಇದ್ದರು, ಓಗೊಟ್ಟವರೂ ಇದ್ದರು.

ನಮಸ್ಕಾರ.