ಐವತ್ತೊಂದು ಅಡಿ ದೋಣಿಯಲ್ಲಿ 900 ಬಂದೂಕು

ಕೇಳುಗರಿಗೆ ನಮಸ್ಕಾರ.

ಬ್ರಿಟಿಷ್ ನೌಕಾಪಡೆಯಲ್ಲಿ ಪದಕ ಪಡೆದ ಅಧಿಕಾರಿ ಎರ್ಸ್ಕಿನ್ ಚಿಲ್ಡರ್ಸ್ 1919ರಲ್ಲಿ ಐರ್ಲೆಂಡಿನ ಸ್ವಾತಂತ್ರ್ಯ ಹೋರಾಟಕ್ಕೆ ಧುಮುಕಿದರು. ಹುಟ್ಟಿದ್ದು ಲಂಡನ್ನಿನಲ್ಲಿ, ಬೆಳೆದದ್ದು ಐರ್ಲೆಂಡಿನ ವಿಕ್ಲೋದಲ್ಲಿ, ತಾಯಿಯ ತವರಿನಲ್ಲಿ. ಬ್ರಿಟಿಷ್ ಸಂಸತ್ತಿನ ಕಾಮನ್ಸ್ ಸಭೆಯಲ್ಲಿ ಗುಮಾಸ್ತಿಕೆ. ರಜೆ ಸಿಕ್ಕಿತೋ, ಸಣ್ಣ ಹಾಯಿದೋಣಿ ಹತ್ತಿ ಉತ್ತರ ಸಮುದ್ರದ ಮರಳುದಿಬ್ಬಗಳ ನಡುವೆ ಸುತ್ತಾಟ. ಈ ಗೀಳು ಹೋರಾಟಗಾರರಿಗೆ ಒದಗಿಬಂದದ್ದು ಚಿಲ್ಡರ್ಸ್ ನೌಕಾಪಡೆಯ ಸಮವಸ್ತ್ರ ತೊಡುವುದಕ್ಕೂ ಮೊದಲು, 1914ರ ಜುಲೈನಲ್ಲಿ.

ಐರ್ಲೆಂಡಿನ ಸ್ವಯಮಾಡಳಿತಕ್ಕಾಗಿ ಕಟ್ಟಿದ ಪಡೆ 'ಐರಿಷ್ ಸ್ವಯಂಸೇವಕರಿ'ಗಾಗಿ ಜರ್ಮನಿಯ ಹ್ಯಾಂಬರ್ಗಿನಲ್ಲಿ 1500 ಮೌಸರ್ ಬಂದೂಕು ಖರೀದಿಯಾಗಿತ್ತು. 1871ರ ಮಾದರಿ, ಸಲಕ್ಕೆ ಒಂದೇ ಗುಂಡು. ಜುಲೈ 12ರಂದು ನಡುಗಡಲಲ್ಲಿ ಹಡಗುಗಳಿಗೆ ದಾರಿ ತೋರುವ ರೂಟಿಗನ್ ದೀಪನೌಕೆಯ ಬಳಿ ಅದನ್ನು ತಂದ ಟಗ್ಗು (ಹಡಗು ಎಳೆಯುವ ದೋಣಿ) ಕಾದು ನಿಂತಿತು. ಮೊದಲು ಬಂದ 'ಕೆಲ್ಪಿ' ಎಂಬ ಹಾಯಿದೋಣಿ 600 ತುಂಬಿಕೊಂಡು ಹೊರಟಿತು. ಉಳಿದ 900 ಬಂದೂಕು, 29,000 ಗುಂಡು ಚಿಲ್ಡರ್ಸರ ಐವತ್ತೊಂದು ಅಡಿಯ ಹಾಯಿದೋಣಿ 'ಅಸ್ಗಾರ್ಡ್' ಪಾಲಿಗೆ ಬಂತು.

ಬಂದೂಕೊಂದು ಸುಮಾರು ನಾಲ್ಕೂವರೆ ಕಿಲೋ ಎಂದರೆ ಬಂದೂಕುಗಳೇ ನಾಲ್ಕು ಟನ್ನು, ಗುಂಡಿನ ಪೆಟ್ಟಿಗೆಗಳು ಬೇರೆ. ಆದರೆ ಭಾರಕ್ಕಿಂತ ಜಾಗದ್ದೇ ಪೇಚಾಟ: ಒಂದೊಂದನ್ನೂ ದಪ್ಪಗೆ ಹುಲ್ಲು ಸುತ್ತಿ ಕಟ್ಟಿದ್ದರು, ಹಾಗೇ ಜೋಡಿಸಿದರೆ ಅರ್ಧವೂ ಹಿಡಿಯದು. ಕತ್ತಲಲ್ಲಿ, ಅಲುಗುವ ದೋಣಿಯಲ್ಲಿ ಹುಲ್ಲು ಬಿಚ್ಚಿ, ಒಳಗೆಲ್ಲ ಒತ್ತೊತ್ತಾಗಿ ಪೇರಿಸಿದರು. ಮೇಲೆ ಹಾಸಿಗೆ ಹಾಸಿ ಅಲ್ಲೇ ಊಟ, ಅಲ್ಲೇ ನಿದ್ದೆ. ದೋಣಿಯಲ್ಲಿದ್ದವರು ಆರು ಜನ: ಚಿಲ್ಡರ್ಸ್, ಪತ್ನಿ ಮಾಲಿ, ಈ ಸಾಗಣೆಯ ಯೋಜನೆಯಲ್ಲಿ ಜೊತೆಯಾಗಿದ್ದ ಮೇರಿ ಸ್ಪ್ರಿಂಗ್ ರೈಸ್, ಬ್ರಿಟಿಷ್ ಸೇನೆಯ ಗೆಳೆಯ ಗಾರ್ಡನ್ ಶೆಫರ್ಡ್ (ಸೇನಾಧಿಕಾರಿಯೇ ಕಳ್ಳಸಾಗಣೆಗೆ ಬಂದದ್ದು ನೋಡಿ!), ಡೊನೆಗಾಲ್‌ನ ಗೋಲಾ ದ್ವೀಪದ ಇಬ್ಬರು ಮೀನುಗಾರರು. ದಾರಿಯಲ್ಲಿ ಬ್ರಿಟಿಷ್ ಯುದ್ಧನೌಕೆಗಳ ನಡುವೆಯೇ ನುಸುಳಬೇಕಾಯಿತು. ಆಮೇಲೆ ಐರಿಷ್ ಸಮುದ್ರದಲ್ಲಿ ಬಿರುಗಾಳಿ.

ಬಂದೂಕು ಇಳಿಸಬೇಕಾದ, ಡಬ್ಲಿನ್ ಬಳಿಯ ಹೌತ್ ಬಂದರಿಗೆ ಇಳಿತದ ಹೊತ್ತಿನಲ್ಲಿ ನೀರು ಸಾಲದು. ಹಾಗಾಗಿ ಜುಲೈ 26ರ ಭಾನುವಾರ ಮಧ್ಯಾಹ್ನ, ಭರತ ಇರುವಾಗಲೇ ಒಳಗೆ ಹೋಗಬೇಕು. ದಾರಿ ಸುಗಮವೆಂದು ತಿಳಿಸಲು ಬರಬೇಕಿದ್ದ ಮೋಟಾರು ದೋಣಿ ಅಲೆಗಳ ಅಬ್ಬರಕ್ಕೆ ಹೊರಡಲೇ ಇಲ್ಲ. ಕಾದರೆ ನೀರು ಇಳಿಯುತ್ತದೆ, ನುಗ್ಗಿದರೆ ಪೊಲೀಸರಿದ್ದರೂ ಇರಬಹುದು. ಚಿಲ್ಡರ್ಸ್ ನುಗ್ಗಿದರು. ಚುಕ್ಕಾಣಿ ಮಾಲಿಯವರ ಕೈಯಲ್ಲಿತ್ತು. ಡಬ್ಲಿನ್ನಿನಿಂದ ನಡೆದು ಬಂದ ಸುಮಾರು ಸಾವಿರ ಸ್ವಯಂಸೇವಕರು ದಕ್ಕೆಯಲ್ಲಿ ಸಾಲುಗಟ್ಟಿ, ಕೈಯಿಂದ ಕೈಗೆ ದಾಟಿಸುತ್ತ ಅರ್ಧ ಗಂಟೆಯಲ್ಲಿ ದೋಣಿ ಬರಿದು ಮಾಡಿದರು. ಅದೇ ಸಂಜೆ ಡಬ್ಲಿನ್ನಿನ ಬ್ಯಾಚಲರ್ಸ್ ವಾಕ್ ಎಂಬ ಬೀದಿಯಲ್ಲಿ, ಈ ಬಂದೂಕು ಕಸಿಯಲು ಹೋಗಿ ಮರಳುತ್ತಿದ್ದ ಬ್ರಿಟಿಷ್ ಸೈನಿಕರು ಜನರ ಮೇಲೆ ಗುಂಡು ಹಾರಿಸಿದರು. ಹೌತ್‌ನಲ್ಲಿ ಇಳಿದ ಬಂದೂಕುಗಳೇ ಬ್ರಿಟಿಷ್ ಆಳ್ವಿಕೆಯ ವಿರುದ್ಧ 1916ರಲ್ಲಿ ನಡೆದ ಈಸ್ಟರ್ ದಂಗೆಯಲ್ಲಿ ಸಿಡಿದವು.

ಆಗಸ್ಟಿನಲ್ಲಿ ಮಹಾಯುದ್ಧ ಶುರುವಾಯಿತು. ಜರ್ಮನ್ ಕರಾವಳಿಯ ಮರಳುದಿಬ್ಬ ಬಲ್ಲವರೆಂದು ನೌಕಾಪಡೆ ಚಿಲ್ಡರ್ಸರನ್ನು ಕರೆಯಿತು, ಅವರೂ ಹೋದರು. ಸಣ್ಣ ದೇಶಗಳ ಹಕ್ಕಿಗಾಗಿ ಈ ಯುದ್ಧ ಎಂಬುದನ್ನು ಆಗ ನಂಬಿದವರು ಬಹಳ. ಕ್ರಿಸ್‌ಮಸ್ ದಿನ ಜರ್ಮನಿಯ ಕುಕ್ಸ್‌ಹಾವನ್ ಕಡೆಯ ಜೆಪೆಲಿನ್ (ಅನಿಲ ತುಂಬಿದ ವಾಯುನೌಕೆ) ಶೆಡ್ಡುಗಳ ಮೇಲೆ ನಡೆದ ದಾಳಿಯಲ್ಲಿ ಸಮುದ್ರವಿಮಾನ ಏರಿದರು. ಮಂಜು ಕವಿದು ಶೆಡ್ಡುಗಳು ಉಳಿದುಕೊಂಡವು.

1919ರ ನಂತರ ಅವರ ಆಯುಧ ಲೇಖನಿ. ಐರಿಷ್ ಗಣರಾಜ್ಯದ ಪ್ರಚಾರ ನೋಡಿಕೊಂಡರು. ಬ್ರಿಟನ್ ಜೊತೆ 1921ರಲ್ಲಿ ನಡೆದ ಒಪ್ಪಂದದ ಮಾತುಕತೆಗೆ ಕಾರ್ಯದರ್ಶಿಯಾಗಿ ಹೋಗಿ, ಒಪ್ಪಂದವನ್ನೇ ವಿರೋಧಿಸಿದರು. ಒಪ್ಪಂದದ ಪರ ಮತ್ತು ವಿರೋಧಿ ಐರಿಷರ ನಡುವಿನ ಅಂತರ್ಯುದ್ಧದಲ್ಲಿ, 1922ರ ನವೆಂಬರ್ 10ರಂದು, ಒಪ್ಪಂದದ ಪರವಿದ್ದ ಐರಿಷ್ ಸ್ವತಂತ್ರ ರಾಜ್ಯದ ಪಡೆಗೇ ಸಿಕ್ಕಿಬಿದ್ದರು. ಬಳಿ ಇದ್ದದ್ದು ಒಂದು ಪುಟ್ಟ ಪಿಸ್ತೂಲು. ಆಗಿನ ನಿಯಮದಲ್ಲಿ ಮರಣದಂಡನೆಗೆ ಅಷ್ಟು ಸಾಕು. ಮೇಲ್ಮನವಿ ಇತ್ಯರ್ಥವಾಗುವ ಮೊದಲೇ, 24ರಂದು ಡಬ್ಲಿನ್ನಿನ ಬೆಗರ್ಸ್ ಬುಷ್ ಬ್ಯಾರಕ್ಕಿನಲ್ಲಿ ಗುಂಡಿಟ್ಟು ಕೊಂದರು. ಅವರ ಮಗ 1973ರಲ್ಲಿ ಐರ್ಲೆಂಡಿನ ಅಧ್ಯಕ್ಷರಾದರು.