ವಾರ್ಫರಿನ್ ಮಾತ್ರೆ ನುಂಗುವವರಿಗೂ ಅವರ ಮನೆಯವರಿಗೂ

ಹೃದಯದ ಕವಾಟ ಬದಲಾಯಿಸಿಕೊಂಡು ಇಲ್ಲಿಗೆ ಬಂದಿರುವ ತಮಗೂ, ತಮ್ಮ ಜೊತೆಗೆ ಬಂದಿರುವ ಮನೆಯವರಿಗೂ ನಮಸ್ಕಾರ. ಇವತ್ತು ನಾನು ಮಾತನಾಡುವುದು ಒಂದೇ ಒಂದು ಮಾತ್ರೆಯ ಬಗ್ಗೆ. ಅದು ವಾರ್ಫರಿನ್. ತಮ್ಮಲ್ಲಿ ಕೆಲವರಿಗೆ ಅಸೆನೊಕೌಮರಾಲ್ ಎಂಬ ಇನ್ನೊಂದು ಮಾತ್ರೆ ಬರೆದುಕೊಟ್ಟಿರಬಹುದು. ನಾನು ಹೇಳುವುದರಲ್ಲಿ ಬಹುಪಾಲು ಅದಕ್ಕೂ ಅನ್ವಯಿಸುತ್ತದೆ. ಆದರೆ ಎರಡರ ಮಿಲಿಗ್ರಾಂ ಲೆಕ್ಕ ಬೇರೆ ಬೇರೆ, ಆದ್ದರಿಂದ ಅಂಗಡಿಯಲ್ಲಿ ಒಂದು ಸಿಗಲಿಲ್ಲವೆಂದು ಇನ್ನೊಂದನ್ನು ತೆಗೆದುಕೊಳ್ಳುವಂತಿಲ್ಲ.

ಇದನ್ನು ಎಲ್ಲರೂ ರಕ್ತ ತೆಳು ಮಾಡುವ ಮಾತ್ರೆ ಎಂದು ಕರೆಯುತ್ತಾರೆ. ನಿಜವಾಗಿ ರಕ್ತ ನೀರಾಗುವುದಿಲ್ಲ. ರಕ್ತ ಹೆಪ್ಪುಗಟ್ಟಲು ಬೇಕಾದ ಕೆಲವು ಅಂಶಗಳನ್ನು ನಮ್ಮ ಯಕೃತ್ತು ವಿಟಮಿನ್ ಕೆ ಬಳಸಿಕೊಂಡು ತಯಾರಿಸುತ್ತದೆ. ಆ ತಯಾರಿಕೆಗೆ ವಾರ್ಫರಿನ್ ಅಡ್ಡ ನಿಲ್ಲುತ್ತದೆ. ಲೋಹದ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಕಿತ್ತು ಮಿದುಳಿಗೆ ಹೋದರೆ ಲಕ್ವ ಹೊಡೆಯುತ್ತದೆ. ಅದನ್ನು ತಡೆಯುವುದಕ್ಕೇ ಈ ಮಾತ್ರೆ.

ಇದು ಇಲಿ ಪಾಷಾಣವಂತೆ, ಹೌದೇ ಎಂದು ಹಲವರು ಹೆದರಿ ಕೇಳುತ್ತಾರೆ. 1920ರ ದಶಕದಲ್ಲಿ ಉತ್ತರ ಅಮೆರಿಕದಲ್ಲಿ ಕೆಟ್ಟ ಕ್ಲೋವರ್ ಹುಲ್ಲು ತಿಂದ ದನಗಳು ರಕ್ತಸ್ರಾವದಿಂದ ಸಾಯುತ್ತಿದ್ದವು. ಅದರ ಕಾರಣ ಹುಡುಕುತ್ತಾ ಹೋದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಾರ್ಲ್ ಲಿಂಕ್ ಮತ್ತು ಅವರ ಸಂಗಡಿಗರ ಕೆಲಸದಿಂದ ಮುಂದೆ ವಾರ್ಫರಿನ್ ಹುಟ್ಟಿತು. 1948ರಲ್ಲಿ ಅದು ಇಲಿಗಳನ್ನು ಕೊಲ್ಲಲು ಮಾರುಕಟ್ಟೆಗೆ ಬಂದದ್ದೂ ನಿಜ, 1954ರಲ್ಲಿ ಅಮೆರಿಕದಲ್ಲಿ ಮನುಷ್ಯರ ಔಷಧಿಯಾಗಿ ಒಪ್ಪಿಗೆ ಪಡೆದದ್ದೂ ನಿಜ. ಹೆದರಿ ಮಾತ್ರೆ ಬಿಡಬೇಡಿ. ಕಾಯುವ ಪ್ರಮಾಣಕ್ಕೂ ಕೆಡಿಸುವ ಪ್ರಮಾಣಕ್ಕೂ ನಡುವಿನ ಅಂತರ ಇದರಲ್ಲಿ ಬಹಳ ಕಿರಿದು ಎಂಬುದನ್ನಷ್ಟೇ ಈ ಚರಿತ್ರೆಯಿಂದ ತಿಳಿದುಕೊಳ್ಳಿ.

ಆ ಅಂತರವನ್ನು ಅಳೆಯುವುದಕ್ಕೆ ಐಎನ್‌ಆರ್ ಎಂಬ ರಕ್ತ ಪರೀಕ್ಷೆ ಇದೆ. ಅದರ ಅಂಕಿ ಹೆಚ್ಚಿದಷ್ಟೂ ರಕ್ತ ಹೆಪ್ಪುಗಟ್ಟುವುದು ನಿಧಾನ ಎಂದರ್ಥ. ಮಾತ್ರೆ ನುಂಗದವರಲ್ಲಿ ಅದು ಸುಮಾರು 1 ಇರುತ್ತದೆ. ತಮ್ಮಲ್ಲಿ ಅನೇಕರಿಗೆ 2ರಿಂದ 3ರ ನಡುವೆ ಇರಬೇಕು. ಮೈಟ್ರಲ್ ಜಾಗದಲ್ಲಿ, ಅಂದರೆ ಹೃದಯದ ಎಡಭಾಗದ ಮೇಲಿನ ಮತ್ತು ಕೆಳಗಿನ ಕೋಣೆಗಳ ನಡುವೆ, ಲೋಹದ ಕವಾಟ ಇರುವವರಿಗೆ ಸಾಮಾನ್ಯವಾಗಿ 2.5ರಿಂದ 3.5. ಈ ಮಟ್ಟ ತಲುಪಲು ಒಬ್ಬರಿಗೆ 2 ಮಿಲಿಗ್ರಾಂ ಸಾಕಾದರೆ ಪಕ್ಕದಲ್ಲಿ ಕೂತವರಿಗೆ 7 ಬೇಕಾಗಬಹುದು, ಏಕೆಂದರೆ ವಯಸ್ಸು, ಯಕೃತ್ತಿನ ಆರೋಗ್ಯ, ಊಟ, ಹುಟ್ಟಿನಿಂದ ಬಂದ ಗುಣ ಎಲ್ಲವೂ ಇದರಲ್ಲಿ ಸೇರಿಕೊಂಡಿವೆ. ಇನ್ನೊಬ್ಬರ ಡೋಸ್ ನೋಡಿ ತಮ್ಮದು ಹೆಚ್ಚಾಯಿತು, ಕಡಿಮೆಯಾಯಿತು ಎಂದುಕೊಳ್ಳುವುದಕ್ಕೆ ಅರ್ಥವಿಲ್ಲ.

ಈಗ ನನ್ನನ್ನು ಹೆಚ್ಚು ಕಾಡುವ ವಿಷಯಕ್ಕೆ ಬರುತ್ತೇನೆ. ಕೆಲವು ವರ್ಷಗಳ ಹಿಂದೆ ಒಬ್ಬ ಹೆಣ್ಣುಮಗಳು ವಸಡಿನಿಂದ ರಕ್ತ ನಿಲ್ಲುತ್ತಿಲ್ಲವೆಂದು ಬಂದರು. ಅವರು ಮಾತ್ರೆ ಒಂದು ದಿನವೂ ತಪ್ಪಿಸಿರಲಿಲ್ಲ, ಹೆಚ್ಚಿಗೆ ನುಂಗಿಯೂ ಇರಲಿಲ್ಲ. ಆದರೂ ಐಎನ್‌ಆರ್ 8 ದಾಟಿತ್ತು. ಬೇರೆ ಏನಾದರೂ ತೆಗೆದುಕೊಂಡಿರಾ ಎಂದು ಮೂರನೆಯ ಸಲ ಕೇಳಿದಾಗ, ಸೆರಗಿನ ತುದಿಯ ಗಂಟು ಬಿಚ್ಚಿ, ಕತ್ತರಿಯಿಂದ ಕತ್ತರಿಸಿದ ಒಂದು ಪಟ್ಟಿಯ ತುಂಡನ್ನು ನನ್ನ ಕೈಗೆ ಕೊಟ್ಟರು. ಅದರಲ್ಲಿ ಎರಡು ಮಾತ್ರೆ ಉಳಿದಿದ್ದವು. ಹೆಸರು ಇದ್ದ ಭಾಗ ಅಂಗಡಿಯಲ್ಲೇ ಉಳಿದಿತ್ತು. ಬೆಳ್ಳಿ ಹಾಳೆಯ ಅಂಚಿನಲ್ಲಿ ಕಾಣುತ್ತಿದ್ದ ಮೂರು ನಾಲ್ಕು ಅಕ್ಷರಗಳಿಂದ ಅದು ಮೆಟ್ರೊನಿಡಜೋಲ್ ಎಂದು ಗುರುತಿಸಿದೆವು. ಭೇದಿಗೆಂದು ಐದು ದಿನ ನುಂಗಿದ್ದರು. ವಾರ್ಫರಿನ್ ಅನ್ನು ಕರಗಿಸಿ ಹೊರಹಾಕುವ ಯಕೃತ್ತಿನ ಕೆಲಸವನ್ನು ಆ ಔಷಧಿ ನಿಧಾನ ಮಾಡುತ್ತದೆ. ಆದ್ದರಿಂದ ಅದೇ ಡೋಸ್ ದೇಹದಲ್ಲಿ ಹೆಚ್ಚಾಗಿ ಉಳಿದುಕೊಂಡಿತು. ಸೋಂಕಿಗೆ ಕೊಡುವ ಕೋಟ್ರೈಮಾಕ್ಸಜೋಲ್, ಶಿಲೀಂಧ್ರದ ಸೋಂಕಿಗೆ ಕೊಡುವ ಫ್ಲುಕೊನಜೋಲ್ ಕೂಡ ಹೀಗೆಯೇ. ಆ ತಾಯಿಯ ತಪ್ಪು ಇದರಲ್ಲಿ ಏನೂ ಇರಲಿಲ್ಲ. ಅವರಿಗೆ ಯಾರೂ ಹೇಳಿರಲಿಲ್ಲ. ಪಟ್ಟಿಯನ್ನು ಕತ್ತರಿಸಿ ಕೊಟ್ಟರೆ ಹೆಸರು ಇರುವ ಭಾಗವನ್ನೇ ಕೇಳಿ ಪಡೆಯಿರಿ, ಇಲ್ಲವೇ ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

ಇದಕ್ಕೆ ವಿರುದ್ಧವಾಗಿ ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ವಾರ್ಫರಿನ್‌ನ ಬಲವನ್ನು ಬಹಳ ಇಳಿಸುತ್ತದೆ. ಆಗ ವೈದ್ಯರು ವಾರ್ಫರಿನ್ ಡೋಸ್ ಏರಿಸುತ್ತಾರೆ. ಕ್ಷಯದ ಚಿಕಿತ್ಸೆ ಮುಗಿದ ದಿನ ಮನೆಯಲ್ಲಿ ಸಂತೋಷವಿರುತ್ತದೆ, ಆದರೆ ಏರಿಸಿದ ಡೋಸ್ ಹಾಗೆಯೇ ಉಳಿದರೆ ಮುಂದಿನ ಕೆಲವು ವಾರಗಳಲ್ಲಿ ರಕ್ತಸ್ರಾವವಾಗುತ್ತದೆ. ಹೊಸ ಮಾತ್ರೆ ಶುರುವಾದಾಗ ಹೇಳುವಷ್ಟೇ ಮುಖ್ಯವಾಗಿ, ಹಳೆಯದು ನಿಂತಾಗಲೂ ತಿಳಿಸಬೇಕು.

ಮಂಡಿನೋವಿಗೆ, ಸೊಂಟನೋವಿಗೆ ಡೈಕ್ಲೊಫೆನಾಕ್, ಐಬುಪ್ರೊಫೆನ್ ನುಂಗಬೇಡಿ. ಅವು ಹೊಟ್ಟೆಯ ಒಳಪದರವನ್ನು ಕೆಡಿಸುತ್ತವೆ, ರಕ್ತಸ್ರಾವಕ್ಕೆ ದಾರಿ ಮಾಡುತ್ತವೆ. ಹೃದಯ ವೈದ್ಯರೇ ತಿಳಿದು ಆಸ್ಪಿರಿನ್ ಬರೆದಿದ್ದರೆ ಅದು ಬೇರೆ ಮಾತು, ಅದನ್ನು ತಾವಾಗಿ ನಿಲ್ಲಿಸಬೇಡಿ. ಜ್ವರಕ್ಕೆ, ನೋವಿಗೆ ಪ್ಯಾರಾಸಿಟಮಾಲ್ ವಾಸಿ; ಆದರೆ ಪೂರ್ತಿ ಡೋಸ್ ದಿನಗಟ್ಟಲೆ ಮುಂದುವರಿದರೆ ಅದೂ ಐಎನ್‌ಆರ್ ಏರಿಸುತ್ತದೆ. ಮದ್ಯ ಬೇಡ. ಬೆಳ್ಳುಳ್ಳಿ, ಅರಿಶಿನ ಅಡಿಗೆಯಲ್ಲಿ ಇರಲಿ, ಅವುಗಳ ಕ್ಯಾಪ್ಸೂಲ್ ಬೇಡ. ಚುಚ್ಚುಮದ್ದನ್ನು ಮಾಂಸಖಂಡಕ್ಕೆ ಕೊಡಲು ಬಂದವರಿಗೆ, ಹಲ್ಲು ಕೀಳುವವರಿಗೆ, ಈ ಮಾತ್ರೆಯ ವಿಷಯ ಮೊದಲೇ ಹೇಳಿ.

ಸೊಪ್ಪಿನ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಸೊಪ್ಪಿನಲ್ಲಿ ವಿಟಮಿನ್ ಕೆ ಇದೆ, ಆದ್ದರಿಂದ ಮುಟ್ಟಲೇಬೇಡಿ ಎಂದು ತಮಗೆ ಯಾರೋ ಹೇಳಿರಬಹುದು. ಬಸ್ಸಾರು, ಮಸ್ಸೊಪ್ಪು ಇಲ್ಲದೆ ಮುದ್ದೆ ಉಣ್ಣು ಎಂದು ರೈತನ ಮನೆಯಲ್ಲಿ ಹೇಳುವುದು ಸರಿಯಲ್ಲ, ಅದರ ಅಗತ್ಯವೂ ಇಲ್ಲ. ವಾರಕ್ಕೆ ಎರಡು ಸಲ ಸೊಪ್ಪು ತಿನ್ನುವವರು ಎರಡು ಸಲ ತಿನ್ನುತ್ತಲೇ ಇರಲಿ. ಅದಕ್ಕೆ ಹೊಂದುವಂತೆ ಡೋಸ್ ಕೂರಿಸುವುದು ನಮ್ಮ ಕೆಲಸ. ತೊಂದರೆ ಬರುವುದು ಪದ್ಧತಿ ಬದಲಾದಾಗ. ತವರಿಗೆ ಹೋಗಿ ಹದಿನೈದು ದಿನ ದಿನವೂ ನುಗ್ಗೆ ಸೊಪ್ಪು ತಿಂದರೆ ಐಎನ್‌ಆರ್ ಇಳಿಯುತ್ತದೆ. ಜ್ವರ ಬಂದು ಒಂದು ವಾರ ಬರೀ ಗಂಜಿ ಕುಡಿದರೆ ಏರುತ್ತದೆ.

ಮಲ ಡಾಂಬರಿನಂತೆ ಕಪ್ಪಾದರೆ, ಮೂತ್ರ ಕೆಂಪಾದರೆ, ಮೂಗಿನ ರಕ್ತ ಹತ್ತು ನಿಮಿಷ ಒತ್ತಿ ಹಿಡಿದರೂ ನಿಲ್ಲದಿದ್ದರೆ, ಏಟಿಲ್ಲದೆ ಮೈಮೇಲೆ ನೀಲಿ ಕಲೆಗಳು ಎದ್ದರೆ ಅದೇ ದಿನ ಆಸ್ಪತ್ರೆಗೆ ಬನ್ನಿ. ತಲೆಗೆ ಏಟು ಬಿದ್ದರೆ ಚೆನ್ನಾಗಿಯೇ ಇದ್ದೇನೆ ಎನ್ನಿಸಿದರೂ ಬನ್ನಿ. ಮಾತು ತೊದಲಿದರೆ, ಒಂದು ಕೈ ಸೋತರೆ, ಕವಾಟದ ಟಿಕ್ ಟಿಕ್ ಸದ್ದು ಕುಗ್ಗಿದರೆ ಒಂದು ಕ್ಷಣವೂ ತಡಮಾಡಬೇಡಿ. ಮಗು ಬೇಕೆನ್ನುವ ಹೆಣ್ಣುಮಕ್ಕಳು ಗರ್ಭ ನಿಲ್ಲುವ ಮೊದಲೇ ನಮ್ಮೊಡನೆ ಮಾತನಾಡಬೇಕು, ಏಕೆಂದರೆ ಮೊದಲ ತಿಂಗಳುಗಳಲ್ಲಿ ವಾರ್ಫರಿನ್ ಶಿಶುವಿಗೆ ಕೆಡುಕು ಮಾಡಬಲ್ಲದು. ಹಾಗೆಂದು ಹೆದರಿ ತಾವೇ ಮಾತ್ರೆ ನಿಲ್ಲಿಸಿದರೆ ತಾಯಿಯ ಜೀವಕ್ಕೇ ಅಪಾಯ.

ಮಾತ್ರೆಯನ್ನು ಸಂಜೆ ಒಂದೇ ಹೊತ್ತಿಗೆ ನುಂಗಿ. ಬೆಳಗಿನ ಪರೀಕ್ಷೆಯ ಫಲಿತಾಂಶ ನೋಡಿ ಅದೇ ದಿನ ಡೋಸ್ ಬದಲಾಯಿಸಲು ಅನುಕೂಲ. ಮರೆತದ್ದು ಅದೇ ದಿನ ನೆನಪಾದರೆ ನುಂಗಿ. ಮರುದಿನ ನೆನಪಾದರೆ ಹಿಂದಿನ ದಿನದ್ದನ್ನು ಬಿಟ್ಟುಬಿಡಿ, ಎರಡನ್ನೂ ಸೇರಿಸಿ ನುಂಗಬೇಡಿ, ಮರೆತ ತಾರೀಖನ್ನು ಪುಸ್ತಕದಲ್ಲಿ ಬರೆದಿಡಿ.

ತಾವೆಲ್ಲರೂ ಮನೆಯಲ್ಲಿರುವ ಮಾತ್ರೆಗಳನ್ನು ಚೀಲದಲ್ಲಿ ತನ್ನಿರೆಂದು ಮೊದಲೇ ಕೇಳಿಕೊಂಡಿದ್ದೆ. ಈಗ ಅವುಗಳನ್ನು ಮೇಜಿನ ಮೇಲೆ ಹರಡಿ. ಹೆಸರಿಲ್ಲದ ತುಂಡುಗಳನ್ನು ಒಂದು ಕಡೆಗೆ ಇಡಿ, ಅವುಗಳಿಂದಲೇ ಶುರು ಮಾಡೋಣ.