ಏಪ್ರಿಲ್‌ನಲ್ಲೇ ಹಣ್ಣಾಗುವ ಪೀಚ್

ಕೇಳುಗರಿಗೆ ನಮಸ್ಕಾರ.

ಪೀಚ್ ಎಂದರೆ ಹಿಮಾಲಯದ ಚಳಿನಾಡಿನ ಹಣ್ಣು ಎಂಬ ಮಾತು ಪಂಜಾಬಿನ ಬಯಲಲ್ಲಿ ಎಂದೋ ಸುಳ್ಳಾಗಿದೆ. ಅಲ್ಲಿ ಎಲ್ಲಕ್ಕಿಂತ ಮೊದಲು ಪೇಟೆ ಸೇರುವ ತಳಿಗಳಲ್ಲಿ ಫ್ಲೋರ್ಡಾ ಪ್ರಿನ್ಸ್ ಒಂದು. ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯ ಬೆಳೆಸಿದ ತಳಿ ಇದು. ಇದರ ಮೊಗ್ಗು ಒಡೆಯಲು ಚಳಿಗಾಲದಲ್ಲಿ 7 ಡಿಗ್ರಿಗಿಂತ ಕಡಿಮೆ ತಂಪು ಒಟ್ಟು ಸುಮಾರು 150 ಗಂಟೆ ಸಿಕ್ಕರೆ ಸಾಕು. ಬೆಂಗಳೂರಿನ ಚಳಿ ಅಷ್ಟನ್ನೂ ಕೊಡುವುದಿಲ್ಲ. ನರ್ಸರಿಯಿಂದ ಗಿಡ ತರುವ ಮೊದಲು ಈ ಲೆಕ್ಕ ನೆನಪಿರಲಿ.

ಹೂವು ಅರಳಿದ 80 ದಿನಗಳೊಳಗೆ ಹಣ್ಣು ಸಿದ್ಧ. ತಡವಾಗಿ ಮಾಗುವ ತಳಿಯ ಕಾಯಿಗೆ ದಪ್ಪವಾಗಲು ತಿಂಗಳುಗಟ್ಟಲೆ ಸಮಯವಿದೆ, ಇದಕ್ಕಿಲ್ಲ. ಹಾಗಾಗಿ ಬೆಳೆಯ ಅಳಿವು ಉಳಿವು ಕಾಯಿ ತೆಗೆಯುವ ಕೆಲಸದ ಮೇಲೆ ನಿಂತಿದೆ. ಬಟಾಣಿಯಿಂದ ನೆಲ್ಲಿಕಾಯಿ ಗಾತ್ರಕ್ಕೆ ಬರುವುದರೊಳಗೆ, ಗೊರಟೆ ಗಟ್ಟಿಯಾಗುವ ಮುನ್ನ, ಒಂದು ಕಾಯಿಗೂ ಇನ್ನೊಂದಕ್ಕೂ 10ರಿಂದ 15 ಸೆಂಟಿಮೀಟರ್ ಅಂತರ ಉಳಿಯುವಂತೆ ಕೈಯಿಂದಲೇ ಕೀಳಬೇಕು. ಜೋಡಿ ಕಾಯಿಯಲ್ಲಿ ಒಂದನ್ನು, ಕೊಂಬೆಗೆ ಒತ್ತಿಕೊಂಡಿದ್ದನ್ನು, ಸೊಟ್ಟಗಿದ್ದನ್ನು ಮೊದಲು ತೆಗೆಯಿರಿ. ನೆಲದ ತುಂಬ ಎಳೆಗಾಯಿ ಕಂಡು ಹೊಟ್ಟೆ ಉರಿಯುತ್ತದೆ, ನಿಜ. ಆದರೆ ಎರಡು ವಾರ ತಡಮಾಡಿದರೆ ಉಳಿದ ಕಾಯಿ ಮತ್ತೆ ಹಿಗ್ಗುವುದಿಲ್ಲ. ಗೋಲಿಯಂಥ ಹಣ್ಣನ್ನು ವ್ಯಾಪಾರಿ ಮುಟ್ಟುವುದಿಲ್ಲ.

ಪೀಚ್ ಹಣ್ಣು ಬಿಡುವುದು ಹಿಂದಿನ ವರ್ಷ ಬೆಳೆದ ಚಿಗುರುಕಡ್ಡಿಯ ಮೇಲೆ. ಎಲೆ ಉದುರಿದ ಮೇಲೆ ಕಡ್ಡಿಯನ್ನು ಹತ್ತಿರದಿಂದ ನೋಡಿ: ಎರಡು ದುಂಡನೆಯ ಮೊಗ್ಗುಗಳ ನಡುವೆ ಚೂಪಾದ ಒಂದು. ದುಂಡನೆಯವು ಹೂವು, ಚೂಪಾದದ್ದು ಎಲೆ. ದ್ರಾಕ್ಷಿ ಬೆಳೆಯುವವರು ಚಾಟ್ನಿ ಎಂದು ಕಡ್ಡಿ ಕತ್ತರಿಸುವಂತೆ ಇದಕ್ಕೂ ಪ್ರತಿ ವರ್ಷ ಸವರುವಿಕೆ ಬೇಕು. ಹಣ್ಣು ಬಿಟ್ಟು ಮುಗಿದ ಹಳೆ ಕಡ್ಡಿ ತೆಗೆದು, ಗಿಡದ ನಡುವೆ ಬಿಸಿಲು ಇಳಿಯುವಂತೆ ಬಟ್ಟಲಿನ ಆಕಾರಕ್ಕೆ ತನ್ನಿ. ಬಿಟ್ಟರೆ ಕೆಳಗಿನ ಕೊಂಬೆ ಬರಡಾಗಿ ಹಣ್ಣೆಲ್ಲ ಮೇಲಿನ ತುದಿಗೆ ಏರುತ್ತದೆ.

ಕಾಯಿ ಊದುವಾಗ ಮಣ್ಣು ಒಣಗಿಸಿ, ಆಮೇಲೆ ಒಮ್ಮೆಲೇ ನೀರು ಹರಿಸಿದರೆ ಒಳಗಿನ ಗೊರಟೆ ಸೀಳುತ್ತದೆ. ಬೇಗ ಮಾಗುವ ತಳಿಗಳಲ್ಲಿ ಈ ತೊಂದರೆ ಹೆಚ್ಚು. ಕೊಯ್ಲಾಯಿತೆಂದು ನೀರು ಪೂರ್ತಿ ನಿಲ್ಲಿಸಬೇಡಿ; ಮುಂದಿನ ವರ್ಷದ ಹೂಮೊಗ್ಗು ಕಟ್ಟುವುದು ಆ ಬೇಸಿಗೆಯ ಚಿಗುರಿನಲ್ಲೇ. ಮಳೆಗಾಲದಲ್ಲಂತೂ ಬುಡದಲ್ಲಿ ನೀರು ನಿಲ್ಲಲೇಬಾರದು, ಬೇರು ಉಸಿರುಕಟ್ಟಿ ಗಿಡವೇ ಸಾಯುತ್ತದೆ.

ಕೊಯ್ಲಿನಲ್ಲಿ ಕೆಂಪು ನಂಬಬೇಡಿ. ಈ ಹಣ್ಣು ಬಲಿಯುವ ಮುಂಚೆಯೇ ಕೆಂಪಾಗುತ್ತದೆ. ಕೆಂಪಿಲ್ಲದ ಭಾಗದ ಹಸಿರು ತಿಳಿ ಹಳದಿಗೆ ತಿರುಗಿದೆಯೇ ನೋಡಿ ಕೀಳಿ, ಎರಡು ಮೂರು ದಿನಕ್ಕೊಮ್ಮೆ ಮರ ಸುತ್ತಿ, ಆಳವಿಲ್ಲದ ಕ್ರೇಟಿನಲ್ಲಿ ಇಡಿ.

ತಿಂದ ಹಣ್ಣಿನ ಗೊರಟೆ ನೆಟ್ಟು ಸಸಿ ಮಾಡುವ ಆಸೆ ಬೇಡ. ಹಣ್ಣು ಮಾಗುವ ಹೊತ್ತಿಗೆ ಒಳಗಿನ ಭ್ರೂಣ ಬಲಿತಿರುವುದಿಲ್ಲ, ಮೊಳೆಯುವುದು ಅಪರೂಪ. ಪಂಜಾಬಿನಲ್ಲಿ ಶರಬತಿ ಎಂಬ ಪೀಚಿನ ಬೀಜದ ಸಸಿಗೆ ಇದನ್ನು ಕಸಿ ಕಟ್ಟುತ್ತಾರೆ. ಕಸಿಗಿಡವನ್ನೇ ಕೊಳ್ಳಿ, ಅದೂ ಎಲೆ ಉದುರಿ ಗಿಡ ಮಲಗಿರುವ ಚಳಿಗಾಲದಲ್ಲಿ.